ಕಾಗದದ ಮೇಲೆ ಎರಡು ವರ್ಷ

ಡಿಸೆಂಬರ್ ರಜೆಯಲ್ಲಿ ನಮ್ಮ ಕರಾವಳಿಯ ಬೀಚುಗಳು ನಮ್ಮವಾಗಿ ಉಳಿಯುವುದಿಲ್ಲ. ಹುಬ್ಬಳ್ಳಿ, ಬೆಂಗಳೂರು, ಪುಣೆಯ ಕಾರುಗಳು, ಚುರುಮುರಿ ಗಾಡಿ, ಬಲೂನು, ಇದರ ಮಧ್ಯೆ ಮಕ್ಕಳನ್ನು ಕೂರಿಸಿಕೊಂಡು ಅಲ್ಲಿಗೆ ಹೋಗಿ ಇಲ್ಲಿಗೆ ಬರುವ ಒಂದೆರಡು ಕುದುರೆ. ಕಳೆದ ರಜೆಯಲ್ಲಿ ಹೊನ್ನಾವರದ ಹತ್ತಿರದ ಬೀಚೊಂದಕ್ಕೆ ಹೋಗಿದ್ದೆವು. ಅಲ್ಲಿದ್ದ ಕುದುರೆಗಳೆಲ್ಲ ಗಿಡ್ಡ, ಗಟ್ಟಿಮುಟ್ಟು. ಒಂದು ಮಾತ್ರ ಬೇರೆ. ಉದ್ದ ಕಾಲು, ತೆಳು ಚರ್ಮ, ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಬೆನ್ನ ಮೇಲೆ ಕಿರುಚುತ್ತಿದ್ದ ಮಗುವನ್ನು ಇಟ್ಟುಕೊಂಡು ಲಗಾಮು ಹಿಡಿದ ಹುಡುಗನ ಪಕ್ಕ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿತ್ತು. ನನ್ನ ಜೊತೆಗಿದ್ದ ಗೆಳೆಯ ಅಲ್ಲೇ ನಿಂತುಬಿಟ್ಟ. "ಇದು ರೇಸಿಂದು ಮಾರಾಯ" ಅಂದ. ಹುಡುಗನಿಗೆ ಗೊತ್ತಿದ್ದದ್ದು ಇಷ್ಟೇ: ಯಾರೋ ಯಾರಿಂದಲೋ ಕೊಂಡದ್ದು, ಮೊದಲು ಬೆಂಗಳೂರಲ್ಲಿ ಓಡ್ತಿತ್ತಂತೆ, ವಯಸ್ಸು ಆರು. ಗೆಳೆಯ ತುಟಿ ಎತ್ತಿ ಹಲ್ಲು ನೋಡಿದ. ಆರು ಸರಿ ಅಂದ.

ಕುದುರೆ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಬದುಕುತ್ತದೆ. ಆರಕ್ಕೇ ಒಂದು ನೌಕರಿ ಮುಗಿಸಿ ಎರಡನೆಯದಕ್ಕೆ ಸೇರಿದ ಈ ಪ್ರಾಣಿ ಮೊದಲಿನದ್ದನ್ನು ಶುರು ಮಾಡಿದ್ದು ಯಾವಾಗ? ಮನೆಗೆ ಬಂದ ಮೇಲೂ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಬೀಚಿಗೆ ಬಂದು ಬಿದ್ದಿತಲ್ಲ ಎಂಬ ಮರುಕ ಸ್ವಲ್ಪ ಇತ್ತು, ನಿಜ. ಆದರೆ ಅದಕ್ಕೆ ಹೊಟ್ಟೆಗೆ ಸಿಗುತ್ತಿತ್ತು, ಲಾಳ ಹೊಸದಿತ್ತು, ಹುಡುಗ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದ. ನನ್ನನ್ನು ಕೊರೆದದ್ದು ಕೊನೆಗಿಂತ ಜಾಸ್ತಿ ಶುರುವಿನ ಕಥೆ.

ಗೆಳೆಯನ ಬಗ್ಗೆ ಹೇಳಿಬಿಡುತ್ತೇನೆ. ಶಿರಸಿಯಲ್ಲಿ ನನ್ನ ಜೊತೆ ಶಾಲೆಗೆ ಬಂದವನು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲೇ ರೇಸ್ ಕುದುರೆಗಳ ಡಾಕ್ಟರೊಬ್ಬರ ಕೈಕೆಳಗೆ ಕೆಲವು ವರ್ಷ ಇದ್ದ. ಈಗ ಊರಿಗೆ ವಾಪಸ್ಸಾಗಿ ಹುಲೇಕಲ್ ಕಡೆ ದನ, ಎಮ್ಮೆ ನೋಡುತ್ತಾನೆ. ಅವನು ಆ ಕೆಲಸಕ್ಕೆ ಸೇರಿದಾಗ ಅವರ ಮನೆಗಿಂತ ನಮ್ಮ ಮನೆಯಲ್ಲೇ ಬೇಜಾರು ಜಾಸ್ತಿ ಆಗಿತ್ತು. ರೇಸ್ ಅಂದರೆ ಜೂಜು, ಮುಗಿಯಿತು. ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಎಂದು ನಾನು ಆಯಿಯ ಮುಂದೆ ವಾದ ಮಾಡಿದ್ದೆ. "ಹೇಳ್ತ. ಅವ್ರ ದುಡ್ಡು ಹೋಗ್ತಿಲ್ಯಲ" ಅಂದಿದ್ದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲರದ್ದೂ ಒಂದೇ ಹುಟ್ಟುಹಬ್ಬ

ರೇಸಿನ ಲೋಕದಲ್ಲಿ ಎಲ್ಲಾ ಕುದುರೆಗಳೂ ಜನವರಿ 1ಕ್ಕೆ ಹುಟ್ಟುತ್ತವೆ. ನಿಜವಾಗಿ ಹುಟ್ಟುವುದು ಯಾವಾಗಲೋ, ಲೆಕ್ಕಕ್ಕೆ ಜನವರಿ 1. ನಮ್ಮಲ್ಲಿ, ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಇದೇ ನಿಯಮ. ಆಸ್ಟ್ರೇಲಿಯಾದಲ್ಲಿ ಮಳೆ ಚಳಿ ಎಲ್ಲ ತಿರುವುಮುರುವು, ಹಾಗಾಗಿ ಅಲ್ಲಿ ಆಗಸ್ಟ್ 1. ಜನವರಿ ಮೊದಲ ವಾರ ಹುಟ್ಟಿದ ಮರಿ, ಮೇ ಕೊನೆಗೆ ಹುಟ್ಟಿದ ಮರಿ, ಎರಡಕ್ಕೂ ಮುಂದಿನ ಜನವರಿ 1ಕ್ಕೆ ಒಂದು ವರ್ಷ ತುಂಬುತ್ತದೆ. ಪಾಪ, ಡಿಸೆಂಬರ್ 31ರ ಸಂಜೆ ಹುಟ್ಟಿದ ಮರಿಗೆ ಬೆಳಗಾಗುವಷ್ಟರಲ್ಲಿ ಒಂದು ವರ್ಷ! ಅದಕ್ಕೇ ಸ್ಟಡ್ ಫಾರ್ಮಿನವರು ತಲೆ ಓಡಿಸುತ್ತಾರೆ. ಕುದುರೆ ಗಬ್ಬ ಹನ್ನೊಂದು ತಿಂಗಳು. ಮರಿ ಜನವರಿ, ಫೆಬ್ರವರಿಯಲ್ಲಿ ಹುಟ್ಟಬೇಕಾದರೆ ಹಿಂದಿನ ಫೆಬ್ರವರಿ, ಮಾರ್ಚಿನಲ್ಲಿ ಹೆಣ್ಣು ಬೆದೆಗೆ ಬರಬೇಕು. ಆದರೆ ಹಗಲು ಉದ್ದವಾದ ಮೇಲೆ ಬೆದೆಗೆ ಬರುವುದು ಕುದುರೆಯ ಸ್ವಭಾವ. ಅದಕ್ಕೂ ಉಪಾಯ ಇದೆ. ಚಳಿಗಾಲದಲ್ಲಿ ಲಾಯದೊಳಗೆ ರಾತ್ರಿ ತನಕ ಲೈಟು ಉರಿಸುತ್ತಾರೆ. ಬೇಸಿಗೆ ಬಂತು ಅಂತ ಅದರ ಮೈ ನಂಬುತ್ತದೆ. ಹೊರಗೆ ಇನ್ನೂ ಚಳಿ.

ಇದನ್ನು ಕೇಳಿದಾಗ ನನಗೆ ಅಪ್ಪಯ್ಯನ ಕಾಲದವರ ಜೂನ್ 1 ನೆನಪಾಯಿತು. ನಮ್ಮ ಊರಿನಲ್ಲಿ ಆ ತಲೆಮಾರಿನ ಅರ್ಧ ಜನರ ಹುಟ್ಟಿದ ದಿನ ಜೂನ್ 1. ಮಾಣಿಯನ್ನು ಶಾಲೆಗೆ ಕರೆದುಕೊಂಡು ಹೋದವರಿಗೆ ತಿಥಿ, ನಕ್ಷತ್ರ ಗೊತ್ತು, ತಾರೀಕು ಗೊತ್ತಿಲ್ಲ. ಮಾಸ್ತರು ಒಮ್ಮೆ ಮುಖ ನೋಡಿ, ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ಅದಕ್ಕೇ ಈಗಲೂ ಮೇ 31 ಬಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಲು ಸಾಲು ನಿವೃತ್ತಿ. ನಮ್ಮ ದೊಡ್ಡಪ್ಪ ನಿಜಕ್ಕೂ ಹುಟ್ಟಿದ್ದು ದೀಪಾವಳಿ ಹೊತ್ತಿಗೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದನಂತೆ, ಕಬಡ್ಡಿಗೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಈಗಿನ ಮಕ್ಕಳಿಗೆ ಬರ್ತ್ ಸರ್ಟಿಫಿಕೇಟ್ ಇದೆ, ಆದರೂ ಜೂನ್ 1 ಬಿಟ್ಟಿಲ್ಲ. ಜೂನ್ 1ಕ್ಕೆ ಆರು ತುಂಬಿದ್ದರೆ ಮಾತ್ರ ಒಂದನೇ ಕ್ಲಾಸು ಅಂತ ಸರ್ಕಾರ ಹೇಳಿ, ತಂದೆತಾಯಿಗಳ ಗಲಾಟೆ ಜೋರಾಗಿ, 2025ರಲ್ಲಿ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದು ನಿಮಗೆಲ್ಲ ಗೊತ್ತೇ ಇದೆ.

ಶಾಲೆಯಲ್ಲಿ ಐದಾರು ತಿಂಗಳ ಹೆಚ್ಚುಕಡಿಮೆ ಹೇಗೋ ಸರಿಹೋಗುತ್ತದೆ. ಕುದುರೆಗೆ ಅದು ಮೂಳೆಯ ಪ್ರಶ್ನೆ. ಅಮೆರಿಕದ ರೇಸ್ ಕುದುರೆ ಸೀಬಿಸ್ಕಿಟ್ ಹುಟ್ಟಿದ್ದು 1933ರ ಮೇ 23. ಮೊದಲ ಓಟ 1935ರ ಜನವರಿ. ಕಾಗದದಲ್ಲಿ ಎರಡು ವರ್ಷ, ನಿಜವಾದ ವಯಸ್ಸು ಇಪ್ಪತ್ತು ತಿಂಗಳೂ ತುಂಬಿರಲಿಲ್ಲ. ಆ ಒಂದೇ ವರ್ಷ ಅದನ್ನು ಮೂವತ್ತೈದು ಸಲ ಓಡಿಸಿದರು. ಮೊದಲ ಹದಿನೇಳರಲ್ಲಿ ಒಂದೂ ಗೆಲ್ಲಲಿಲ್ಲ. ಸೋಮಾರಿ, ಕೆಲಸಕ್ಕೆ ಬಾರದ್ದು ಅಂತ ಹೆಸರು ಬಂತು. ಆಮೇಲೆ ಬೇರೆಯವರ ಕೈಗೆ ಹೋಗಿ, ಐದನೇ ವರ್ಷದಲ್ಲಿ, 1938ರಲ್ಲಿ, ಆ ಕಾಲದ ದೊಡ್ಡ ಕುದುರೆ ವಾರ್ ಅಡ್ಮಿರಲ್ ಅನ್ನು ಸೋಲಿಸಿತು. ಎಲ್ಲರೂ ಈ ಕಥೆಯನ್ನು ಸೋತವನು ಗೆದ್ದ ಕಥೆ ಅಂತ ಹೇಳುತ್ತಾರೆ. ನನಗೆ ಕಾಣುವುದು ಆ ಮೂವತ್ತೈದು. ಇಪ್ಪತ್ತು ತಿಂಗಳ ಮರಿಯನ್ನು ಹತ್ತು ದಿನಕ್ಕೊಮ್ಮೆ ಓಡಿಸಿ, ಯಾಕೆ ಗೆಲ್ಲಲಿಲ್ಲ ಅಂತ ಬೈದವರಿಗೆ ಏನು ಹೇಳೋದು?

ಅಮೆರಿಕದ್ದೇ ಇನ್ನೊಂದು ಕುದುರೆ ಸೆಕ್ರೆಟೇರಿಯಟ್, ಅದರ ಕಥೆ ಬೇರೆ. ಅದು ಹುಟ್ಟಿದ್ದು 1970ರ ಮಾರ್ಚ್ 30, ಮೊದಲ ಓಟ 1972ರ ಜುಲೈ 4. ಶುರುವಿನಲ್ಲೇ ಪಕ್ಕದ ಕುದುರೆ ಬಂದು ಗುದ್ದಿ, ನಾಲ್ಕನೆಯದಾಗಿ ಬಂತು. ಅದೇ ತಿಂಗಳು ಎರಡನೇ ಓಟ ಗೆದ್ದಿತು. ಎರಡನೇ ವಯಸ್ಸಿನಲ್ಲೇ ಅಮೆರಿಕದ ವರ್ಷದ ಕುದುರೆ ಅನಿಸಿಕೊಂಡಿತು, ಮುಂದಿನ ವರ್ಷ ಬೆಲ್ಮಾಂಟ್ ಎಂಬ ದೊಡ್ಡ ಓಟದಲ್ಲಿ 31 ಕುದುರೆಯಳತೆ ಮುಂದೆ ಬಂದು ಗೆದ್ದಿತು. ಒಂದಕ್ಕೆ ಎರಡು ಅಂದರೆ ತೀರಾ ಬೇಗ, ಇನ್ನೊಂದಕ್ಕೆ ಸರಿಯಾದ ಹೊತ್ತು.

ಹಲ್ಲು ಮತ್ತು ಮೊಣಕಾಲು

ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಅನ್ನುವುದು ಅದರ ಮಣಿಕಟ್ಟು. ಅದರ ಕೆಳಗಿನ ಉದ್ದ ಮೂಳೆ ನಮ್ಮ ಅಂಗೈಯದು. ಗೊರಸು ಅಂದರೆ ನಡುಬೆರಳಿನ ಉಗುರು. ಅಂದರೆ ಸುಮಾರು 450 ಕಿಲೋ ತೂಕದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೊಂದೇ ಬೆರಳಿನ ಮೇಲೆ ಓಡುತ್ತಿರುತ್ತದೆ. ಪೂರ್ತಿ ವೇಗದಲ್ಲಿ ಒಂದು ಮುಂಗಾಲು ನೆಲಕ್ಕೆ ಬಿದ್ದಾಗ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ಅದರ ಮೇಲೆ. ಆ ಮಣಿಕಟ್ಟಿನ ಮೇಲಿನ ಮೂಳೆ ಬೆಳೆದು ಕೂಡಿಕೊಳ್ಳುವುದು ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ. ಬೆನ್ನುಮೂಳೆ ಇನ್ನೂ ತಡ, ಐದು ದಾಟಬೇಕು. ಇದರ ಜೊತೆ ಹಲ್ಲು. ಮುಂದಿನ ಹಾಲುಹಲ್ಲು ಮೊದಲ ಜೊತೆ ಬೀಳುವುದು ಎರಡೂವರೆಗೆ, ಎರಡನೇ ಜೊತೆ ಮೂರೂವರೆಗೆ, ಕೊನೆಯದು ನಾಲ್ಕೂವರೆಗೆ. ಬಾಯಲ್ಲಿ ಹಲ್ಲು ಬೀಳುತ್ತಾ ಹುಟ್ಟುತ್ತಾ ಇರುವಾಗಲೇ ಕಬ್ಬಿಣದ ಲಗಾಮು ಕಚ್ಚಿಕೊಂಡು ಓಡಬೇಕು. ಮರಿ ತಲೆ ಕೊಡವಿದರೆ ತುಂಟ ಅನ್ನುತ್ತಾರೆ. ಎಷ್ಟೋ ಸಲ ಅದಕ್ಕೆ ಹಲ್ಲುನೋವು.

ಇಷ್ಟು ಓದಿ, ಎರಡು ವರ್ಷಕ್ಕೆ ಓಡಿಸುವುದನ್ನೇ ನಿಲ್ಲಿಸಬೇಕು ಅಂತ ನಾನು ತೀರ್ಮಾನ ಮಾಡಿದ್ದೆ. ಗೆಳೆಯ ಒಪ್ಪಲಿಲ್ಲ. ಮೂಳೆ ಸುಮ್ನೆ ನಿಂತು ಗಟ್ಟಿಯಾಗುವುದಿಲ್ಲ, ಭಾರ ಬಿದ್ದಲ್ಲಿ ಮಾತ್ರ ಗಟ್ಟಿಯಾಗುತ್ತದೆ ಅನ್ನುವುದು ಅವನ ವಾದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಮೇಕರ್ ಎಂಬ ಪಶುವೈದ್ಯರು ಮರಿಗಳ ಮುಂಗಾಲಿನ ಮೂಳೆಯ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಕಂಡದ್ದು ಏನೆಂದರೆ, ದಿನಾ ಮೈಲುಗಟ್ಟಲೆ ನಿಧಾನಕ್ಕೆ ಓಡಿಸಿದರೆ ಮೂಳೆ ಆ ನಿಧಾನದ ಓಟಕ್ಕೇ ಹೊಂದಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಜೋರಾಗಿ ಓಡಿಸಿದರೆ ನೋವು. ಅದರ ಬದಲು ವಾರಕ್ಕೆ ಕೆಲವು ಸಲ ಸ್ವಲ್ಪವೇ ದೂರ, ಆದರೆ ವೇಗವಾಗಿ ಓಡಿಸಿದರೆ ಮೂಳೆ ರೇಸಿಗೆ ಬೇಕಾದ ಆಕಾರ ಪಡೆಯುತ್ತದೆ. ಎರಡನೇ ವಯಸ್ಸಿನಲ್ಲೇ ಓಡಿದ ಕುದುರೆಗಳು ಮುಂದೆಯೂ ಜಾಸ್ತಿ ವರ್ಷ ಓಡಿದ್ದನ್ನು ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ನನಗೆ ಇದರಲ್ಲಿ ಒಂದು ಅನುಮಾನ ಉಳಿದಿದೆ. ಎರಡಕ್ಕೇ ಓಡುವುದು ಹುಟ್ಟಿನಿಂದಲೇ ಗಟ್ಟಿ ಇರುವ ಮರಿ ತಾನೇ? ಅದು ಮುಂದೆಯೂ ಓಡುತ್ತದೆ. ಹೀಗೆ ಕೇಳಿದರೆ ಗೆಳೆಯ ಅದೂ ಹೌದು ಅನ್ನುತ್ತಾನೆ. "ಎರಡು ಹೇಳಿ ಬರ್ದವ್ರು ನಾವು. ಮೂಳೆಗೆ ಕ್ಯಾಲೆಂಡರ್ ಓದಲೆ ಬತ್ತಿಲ್ಲೆ. ಒಂದೊಂದರ ಕಾಲು ಮುಟ್ಟಿ ನೋಡಕಾತು, ಅಷ್ಟೇ."

ಹೊನ್ನಾವರಕ್ಕೆ ಬಂದ ಬಾಲಗಳು

ಇಲ್ಲೊಂದು ಅಡ್ಡಮಾತು. ಕುದುರೆ ಅಂದರೆ ನಮಗೆ ದೂರದ ವಿಷಯ ಅನ್ನಿಸುತ್ತದೆ. ನಮ್ಮ ಕರಾವಳಿಯ ಮಳೆ, ಕೆಸರು, ಸೆಖೆ ಅದಕ್ಕೆ ಆಗಿಬರುವುದಿಲ್ಲ, ಇಲ್ಲಿ ಸಾಕಿದವರೂ ಕಡಿಮೆ. ಆದರೆ ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಅರಬ್ ಕುದುರೆಗಳು ಇಳಿಯುತ್ತಿದ್ದದ್ದೇ ಭಟ್ಕಳ, ಹೊನ್ನಾವರದಂಥ ನಮ್ಮ ಬಂದರುಗಳಲ್ಲಿ. ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದು, ಘಟ್ಟ ಹತ್ತಿ ಹಂಪಿಗೆ. ಆಮೇಲೆ ಪೋರ್ಚುಗೀಸರು ಆ ವ್ಯಾಪಾರವನ್ನೆಲ್ಲ ಗೋವೆಗೆ ಎಳೆದುಕೊಂಡರು. ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಸಾಕು, ಬದುಕಿದ್ದಷ್ಟೇ ದುಡ್ಡು. ವ್ಯಾಪಾರಿಗಳು ಧೈರ್ಯ ಕಳೆದುಕೊಳ್ಳಬಾರದು ಅಂತ ರಾಜ ಆ ನಷ್ಟವನ್ನು ತಾನೇ ಹೊತ್ತುಕೊಂಡ ಅಂತ ನನಗೆ ಅನ್ನಿಸುತ್ತದೆ. ಅದಾಗಿ ಇನ್ನೂರೈವತ್ತು ವರ್ಷದೊಳಗೆ ಅದೇ ಕಡೆಯ ಕುದುರೆಗಳು ಇಂಗ್ಲೆಂಡಿಗೂ ಹೋದವು. ಇವತ್ತಿನ ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆಗಳ ಗಂಡು ವಂಶ ಪೂರ್ತಿ ಹೋಗಿ ನಿಲ್ಲುವುದು ಅಂಥ ಮೂರೇ ಕುದುರೆಗಳಲ್ಲಿ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಹೊನ್ನಾವರದ ಬೀಚಿನ ಆ ಕುದುರೆಯ ದೂರದ ಬಂಧುಗಳು ಇದೇ ಮರಳಿನಲ್ಲಿ ಇಳಿದಿದ್ದರೂ ಇರಬಹುದು. ಆಗ ವಯಸ್ಸು ಹೇಳುತ್ತಿದ್ದದ್ದು ಕಾಗದ ನೋಡಿ ಅಲ್ಲ, ಹಲ್ಲು ನೋಡಿ, ಅಷ್ಟೇ ವ್ಯತ್ಯಾಸ.

ಚಿನ್ನಿ

ಗೆಳೆಯ ಬೆಂಗಳೂರಿನಲ್ಲಿದ್ದಾಗ ಒಮ್ಮೆ ನನ್ನನ್ನು ರೇಸ್ ಕೋರ್ಸಿನ ಬೆಳಗಿನ ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದ. ಇನ್ನೂ ಕತ್ತಲೆ. ಊರ ಮಧ್ಯದಲ್ಲಿ, ಬಸ್ಸುಗಳ ಹಾರ್ನ್ ಕೇಳುವಷ್ಟು ಹತ್ತಿರದಲ್ಲಿ, ಹುರುಳಿ ಬೇಯಿಸಿದ ವಾಸನೆ, ಒದ್ದೆ ಹುಲ್ಲಿನ ವಾಸನೆ. ಅಲ್ಲೊಂದು ಹೆಣ್ಣುಮರಿ ಇತ್ತು. ಪುಸ್ತಕದಲ್ಲಿ ಇಂಗ್ಲಿಷಿನ ಉದ್ದ ಹೆಸರು, ಲಾಯದಲ್ಲಿ ಎಲ್ಲರೂ ಚಿನ್ನಿ ಅನ್ನುತ್ತಿದ್ದರು. ಏಪ್ರಿಲ್‌ನಲ್ಲಿ ಹುಟ್ಟಿದ್ದು. ನಮ್ಮಲ್ಲಿ ಬಹಳಷ್ಟು ಮರಿಗಳ ಮೊದಲ ಓಟ ಎರಡು ಮುಗಿದು ಮೂರಕ್ಕೆ ಬೀಳುವ ಚಳಿಗಾಲದಲ್ಲಿ. ಇದನ್ನೂ ಅದಕ್ಕೇ ತಯಾರು ಮಾಡುತ್ತಿದ್ದರು.

ಮೊದಲು ಗೇಟಿನ ಪಾಠ. ಓಟ ಶುರುವಾಗುವ ಆ ಕಬ್ಬಿಣದ ಗೂಡಿನೊಳಗೆ ಹೋಗಿ, ಹಿಂದಿನ ಬಾಗಿಲು ಮುಚ್ಚಿದರೂ ಹೆದರದೆ ನಿಲ್ಲುವುದನ್ನು ಕಲಿಸಬೇಕು. ಚಿನ್ನಿ ಹತ್ತಿರ ಹೋಗಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಳು. ಇಬ್ಬರು ಹಿಂದಿನಿಂದ ಕೈಕೈ ಹಿಡಿದು ತಳ್ಳಿದರು. ಒಳಗೆ ಹೋದವಳು ಮೈಯೆಲ್ಲ ನಡುಗಿಸಿ, ಮುಂದಿನ ಬಾಗಿಲು ತೆರೆದಾಗ ಓಡುವ ಬದಲು ಹೊರಗೆ ನಿಧಾನ ನಡೆದು ಬಂದು ಸುತ್ತ ನೋಡಿದಳು. ಮೇಲೆ ಕೂತಿದ್ದ ರೈಡಿಂಗ್ ಬಾಯ್ ನಕ್ಕುಬಿಟ್ಟ. ಆಮೇಲೆ ಮರಳು ಟ್ರ್ಯಾಕಿನಲ್ಲಿ ಇನ್ನೊಂದು ದೊಡ್ಡ ಕುದುರೆಯ ಜೊತೆ ಓಡಿಸಿದರು. ಅವು ನಮ್ಮ ಮುಂದೆ ಹಾದುಹೋದಾಗ ಗೊರಸಿಗಿಂತ ಜಾಸ್ತಿ ಕೇಳಿಸಿದ್ದು ಉಸಿರು. ಕುದುರೆಗೆ ಬಾಯಲ್ಲಿ ಉಸಿರಾಡಲು ಬರುವುದಿಲ್ಲ, ಎಲ್ಲಾ ಮೂಗಿನಲ್ಲೇ. ಜೋರು ಓಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ತಪ್ಪುವ ಹಾಗೇ ಇಲ್ಲ. ಚಿನ್ನಿ ಮೊದಲ ಸಲ ಕಿವಿ ಹಿಂದಕ್ಕೆ ಹಾಕಿ ಆ ದೊಡ್ಡ ಕುದುರೆಯನ್ನು ಬಿಡದೆ ಹಿಡಿದುಕೊಂಡಳು. ಟ್ರೇನರ್ ಕೈಯಲ್ಲಿದ್ದ ವಾಚ್ ಒತ್ತಿ, ಏನೂ ಮಾತಾಡದೆ ಜೇಬಿಗೆ ಹಾಕಿಕೊಂಡರು. ಫೋನಿನಲ್ಲಿ ಮಾಲೀಕರು. ಅವರಿಗೆ ಟೈಮಿಂಗ್ ಹೇಳಿದ್ದು ನನಗೂ ಕೇಳಿಸಿತು. ಚೆನ್ನಾಗಿ ಬಂದಿದ್ದಳು.

ಲಾಯಕ್ಕೆ ವಾಪಸ್ಸು ಬಂದ ಮೇಲೆ ಅವಳ ಸೈಸ್, ಅಂದರೆ ದಿನಾ ನೋಡಿಕೊಳ್ಳುವ ಕೆಲಸದವನು, ರಾಯಚೂರು ಕಡೆಯವನು, ಮೈ ತೊಳೆದು ಕಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಎರಡೂ ಮುಂಗಾಲಿನ ಮೂಳೆಯ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ತಂದ. ಎಡಗಾಲಿನ ಮಧ್ಯಕ್ಕೆ ಬಂದಾಗ ಚಿನ್ನಿ ತಲೆ ಎತ್ತಿದಳು. ಅಷ್ಟೇ, ಕಾಲು ಎಳೆದುಕೊಳ್ಳಲಿಲ್ಲ. ಅವನು ಮತ್ತೆ ಅದೇ ಜಾಗಕ್ಕೆ ಬಂದ. ಮತ್ತೆ ತಲೆ ಎತ್ತಿದಳು. "ಡಾಕ್ಟರ್ ಸಾಹೇಬ್ರ, ರಾತ್ರಿ ದಾಣಿ ಪೂರಾ ತಿಂದಿಲ್ರಿ ಇದು" ಅಂದ. ಗೆಳೆಯ ನನ್ನ ಕೈ ಹಿಡಿದು ಅಲ್ಲಿ ಇಟ್ಟ. "ಇಲ್ಲಿ ಮುಟ್ಟಾ. ಬಿಸಿ ಇದ್ದು." ನನಗೆ ಎರಡು ಕಾಲಿನ ವ್ಯತ್ಯಾಸ ಹೌದೋ ಅಲ್ಲವೋ ಅನ್ನುವಷ್ಟು ಮಾತ್ರ ತಿಳಿಯಿತು. ಓಟದಲ್ಲಿ ಕುಂಟಿರಲಿಲ್ಲ. ವಾಚಿಗೂ ಏನೂ ಗೊತ್ತಾಗಿರಲಿಲ್ಲ. ಮರಿಗಳಿಗೆ ಮಾಮೂಲಿಯಾಗಿ ಬರುವ ನೋವು ಇದು, ಮೂಳೆಯ ಮುಂಭಾಗ ಭಾರ ತಾಳಲಾರದೆ ಊದಿಕೊಳ್ಳುವುದು. ಕೂಡಲೇ ನಿಲ್ಲಿಸಿದರೆ ಕೆಲವು ವಾರದಲ್ಲಿ ಸರಿಹೋಗುತ್ತದೆ. ಹಾಗೇ ಓಡಿಸಿದರೆ ಅದೇ ಜಾಗದಲ್ಲಿ ಮೂಳೆ ಸೀಳಬಹುದು.

ಮುಂದಿನ ಮಾತುಕತೆ ನಾನು ಕೇಳಬಾರದಿತ್ತೋ ಏನೋ, ಕೇಳಿದೆ. ಮಾಲೀಕರಿಗೆ ಸಿಟ್ಟು. ಇಷ್ಟು ಚೆನ್ನಾಗಿ ಓಡಿದ್ದಾಳೆ, ಕುಂಟುತ್ತಿಲ್ಲ, ಯಾಕೆ ನಿಲ್ಲಿಸಬೇಕು? ಅವರನ್ನೂ ಬರೀ ದುರಾಸೆಯವರು ಅಂತ ಹೇಳಲಾರೆ. ಮರಿ ಕೊಂಡ ದುಡ್ಡು ಹೋಗಲಿ, ಓಡಲಿ ಬಿಡಲಿ ತಿಂಗಳು ತಿಂಗಳು ಲಾಯ, ದಾಣಿ, ಸೈಸ್, ಲಾಳ, ಡಾಕ್ಟರು. ಅದರ ಮೇಲೆ ದೊಡ್ಡ ಓಟಗಳೆಲ್ಲ ವಯಸ್ಸಿಗೆ ಕಟ್ಟಿಹಾಕಿದವು. ಬೆಂಗಳೂರು ಡರ್ಬಿ ಇರಲಿ, 1943ರಲ್ಲಿ ಶುರುವಾದ ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ ಇರಲಿ, ಒಂದು ಕುದುರೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಆ ವರ್ಷ ತಪ್ಪಿದರೆ ತಪ್ಪಿತು. ಇಂಡಿಯನ್ ಡರ್ಬಿಯ ಮೊದಲ ವರ್ಷ ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಹೆಣ್ಣುಮರಿ ಕೊಂಡವರ ಕನಸಿನಲ್ಲಿ ಆ ಹೆಸರು ಬಂದೇ ಬರುತ್ತದೆ. ಟ್ರೇನರ್ ಮಾತ್ರ ಜಗ್ಗಲಿಲ್ಲ. ಸೈಸ್ ಬೇಡ ಅಂದರೆ ಬೇಡ ಅಂದರು. ಅವರು ಡಾಕ್ಟರ ಹೆಸರು ಹೇಳದೆ ಸೈಸ್ ಹೆಸರು ಹೇಳಿದ್ದು ನನಗೆ ಇಷ್ಟ ಆಯಿತು. ಓಟದ ದಿನ ಪುಸ್ತಕದಲ್ಲಿ ಮಾಲೀಕರು, ಟ್ರೇನರ್, ಜಾಕಿ, ತಂದೆ ಕುದುರೆ, ತಾಯಿ ಕುದುರೆ ಎಲ್ಲರ ಹೆಸರೂ ಇರುತ್ತದೆ. ದಿನಾ ಆ ಕಾಲು ಮುಟ್ಟುವವನದ್ದು ಇರುವುದಿಲ್ಲ.

ಚಿನ್ನಿಯನ್ನು ಬರೀ ನಡೆಸಿದರು, ಕಾಲಿಗೆ ತಣ್ಣೀರು ಬಿಟ್ಟರು, ಕೆಲವು ತಿಂಗಳು ಫಾರ್ಮಿಗೆ ಕಳಿಸಿದರು. ಆ ಚಳಿಗಾಲ ಪೂರ್ತಿ ಹೋಯಿತು. ಬೇಸಿಗೆ ರೇಸಿನಲ್ಲಿ ಮೊದಲ ಸಲ ಓಡಿದಾಗ ಗೇಟು ತೆರೆದರೂ ಒಂದು ಕ್ಷಣ ನಿಂತು ಎಲ್ಲರಿಗಿಂತ ಹಿಂದೆ ಬಿದ್ದಳು. ಎರಡನೇ ಸಲ ನಾಲ್ಕನೆಯವಳು. ಮೂರನೆಯದು ಮೈಸೂರಿನಲ್ಲಿ, ಹಿಂದೆ ಚಾಮುಂಡಿ ಬೆಟ್ಟ, ಒಂದೂ ಗೆಲ್ಲದ ಕುದುರೆಗಳ 1200 ಮೀಟರ್ ಓಟ. ಗೆಳೆಯ ಕಳಿಸಿದ ವಿಡಿಯೋವನ್ನು ನಾನು ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ. ನೆಟ್‌ವರ್ಕ್ ಸಿಕ್ಕಿ ತಪ್ಪಿ, ಕೊನೆಯ ಇನ್ನೂರು ಮೀಟರಿನಲ್ಲಿ ಚಿತ್ರ ನಿಂತು, ಮತ್ತೆ ಶುರುವಾಗುವಷ್ಟರಲ್ಲಿ ಅವಳು ಮುಂದಿದ್ದಳು. ಪಕ್ಕದಲ್ಲಿ ಕೂತಿದ್ದ ಅಜ್ಜ ಕ್ರಿಕೆಟ್ಟಾ ಅಂತ ಕೇಳಿದರು. ಹೌದು ಅಂದೆ, ವಿವರಿಸುವ ಪುರುಸೊತ್ತು ಇರಲಿಲ್ಲ.

ಬೀಚಿನಲ್ಲಿ ಕಂಡದ್ದು ಅವಳಲ್ಲ, ಅದು ಗಂಡು. ಅದಕ್ಕೂ ಒಬ್ಬ ಸೈಸ್ ಇದ್ದಿರಬೇಕು. ಅವನು ಏನು ಹೇಳಿದ್ದ, ಯಾರು ಕೇಳಿದರು ಎಂದು ಹಲ್ಲು ನೋಡಿ ತಿಳಿಯುವುದಿಲ್ಲ. ಗೆಳೆಯ ಅವತ್ತು ಅದರ ಮುಂಗಾಲನ್ನೂ ಮುಟ್ಟಿ ನೋಡಿದ್ದ. ಎಡಗಾಲಿನ ಮೂಳೆ ಮುಂದಕ್ಕೆ ಉಬ್ಬಿ ಹಾಗೇ ಗಟ್ಟಿಯಾಗಿತ್ತು. ನೋವಿರಲಿಲ್ಲ.

ಚಿನ್ನಿ ಗೆದ್ದ ಮೇಲೆ ಅವಳ ರೇಟಿಂಗ್, ಅಂದರೆ ಓಟ ನೋಡಿ ಕೊಡುವ ಅಂಕ, ಏರಿತು. ರೇಟಿಂಗ್ ಏರಿದರೆ ಮುಂದಿನ ಹ್ಯಾಂಡಿಕ್ಯಾಪ್ ಓಟದಲ್ಲಿ ಬೆನ್ನ ಮೇಲಿನ ತೂಕವೂ ಏರುತ್ತದೆ, ಜಾಕಿ ಹಗುರ ಇದ್ದರೆ ಜೀನಿನಡಿ ಸೀಸದ ತುಂಡು ಇಟ್ಟು ಸರಿ ಮಾಡುತ್ತಾರೆ. ಮಾಲೀಕರಿಗೆ ಈಗ ಖುಷಿಯೋ ಖುಷಿ, ಎರಡೇ ವಾರದಲ್ಲಿ ಇನ್ನೊಂದು ಓಟಕ್ಕೆ ಹೆಸರು ಕೊಡಿ ಅಂದರಂತೆ. ಗೆಳೆಯನ ಮೆಸೇಜ್ ಬಂತು: "ಈಗ ಓಡಿಸ್ತ್ವಿಲ್ಲೆ. ಎರಡನೇ ಜೊತೆ ಹಲ್ಲು ಅಲುಗ್ತಾ ಇದ್ದು."